ಹಿಂದಕ್ಕೆ ಎರಡು ಹೆಜ್ಜೆ

“ಇಲ್ಲಿದ್ರಾ, ಇಲ್ಲಾ ಇನ್ನೂ ಮುಂದೆ ಹೋಗಿದ್ರಾ?” ಎಂದು ವಕೀಲೆ ಪೆನ್ಸಿಲಿನ ತುದಿಯನ್ನು ಹಾಳೆಯ ಮೇಲೆ ಸರಿಸಿದಳು. ಹಾಳೆಯಲ್ಲಿ ಒಂದು ರಸ್ತೆಯಿತ್ತು. ಜನ ದಾಟುವ ಜಾಗದಲ್ಲಿ ಒಂಬತ್ತು ಪಟ್ಟೆಗಳಿದ್ದವು. ಪಕ್ಕದಲ್ಲಿ ‘ಬ್ರೆಡ್ ವ್ಯಾನ್’ ಎಂದು ಬರೆದ ಒಂದು ಚೌಕವಿತ್ತು. ಪಟ್ಟೆಗಳ ಮೇಲೆ ಮಾತ್ರ ಯಾರೂ ಇರಲಿಲ್ಲ.

ಅಕ್ಕ ಬಗ್ಗಿ ನೋಡಿದಳು. ಅವಳನ್ನು ಬೈಂಡಿಂಗ್ ಶಾಪಿನಲ್ಲಿ ಮಾಲೀಕನಿಂದ ಹಿಡಿದು ಅಂಟು ಕಲಸುವವನವರೆಗೂ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಪುಸ್ತಕ ಹೊಲಿದ ಕೈ. ಅಚ್ಚಾಗಿ ಬಂದ ಹಾಳೆಗಳನ್ನು ಬೆರಳಲ್ಲಿ ಒಮ್ಮೆ ಸವರಿದರೆ ಸಾಕು, ಪುಟ ಕಡಿಮೆ ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

“ಗೊತ್ತಾಗ್ತಿಲ್ಲಮ್ಮ,” ಎಂದಳು. “ಫುಟ್‌ಪಾತ್ ಇಳಿದದ್ದು ನೆನಪಿದೆ. ಆಮೇಲೆ ಆಸ್ಪತ್ರೆ ಫ್ಯಾನು. ಮಧ್ಯದ್ದು ಬಿಟ್ಟುಹೋಗಿದೆ.”

“ಪರವಾಗಿಲ್ಲ, ನೆನಪಿಲ್ಲ ಅಂತಲೇ ಬರ್ಕೊಟ್ಟಿದೀವಿ.” ವಕೀಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಇನ್ನೂ ಮೂವತ್ತು ದಾಟಿರದ ಹುಡುಗಿ, ಮಾತು ಮಾತ್ರ ನಿಧಾನ. “ಒಂದು ವಿಷಯ ತಲೇಲಿಟ್ಕೊಳ್ಳಿ. ಪಟ್ಟೆ ಮೇಲೆ ನಡೀತಿರೋರಿಗೆ ಗಾಡಿಯವನು ದಾರಿ ಬಿಡ್ಲೇಬೇಕು. ಅದು ನಿಮ್ಮ ಹಕ್ಕು, ಅವನು ಮಾಡೋ ಉಪಕಾರ ಅಲ್ಲ. ಆದ್ರೆ ವಿಮೆ ಕಂಪನಿಯವರು ತಪ್ಪನ್ನ ಹಂಚೋಕೆ ನೋಡ್ತಾರೆ. ನಿಮ್ಮ ಕಡೆಯಿಂದಲೂ ಅಜಾಗರೂಕತೆ ಇತ್ತು ಅಂತ ತೋರಿಸಿಬಿಟ್ರೆ, ಅಷ್ಟು ಪಾಲು ಪರಿಹಾರ ಕಡಿಮೆ ಆಗುತ್ತೆ.”

“ಇವಳದೇನು ಅಜಾಗರೂಕತೆ?” ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಸಿಡುಕಿದ. ಅವನು ಲಿಫ್ಟ್ ರಿಪೇರಿಯವನು. ಕೆಲಸ ಬಿಟ್ಟು ಬಂದಿದ್ದರಿಂದ ಅಂಗೈಯಲ್ಲಿನ್ನೂ ಗ್ರೀಸಿನ ಕಪ್ಪಿತ್ತು.

“ಡ್ರೈವರ್ ಹೇಳಿಕೇಲಿ ಒಂದು ಸಾಲಿದೆ,” ಎಂದು ವಕೀಲೆ ಕಡತ ಬಿಡಿಸಿ ಓದಿದಳು. “‘ಆ ಮಹಿಳೆ ಅರ್ಧಕ್ಕಿಂತ ಹೆಚ್ಚು ರಸ್ತೆ ದಾಟಿದ್ದರು. ಇದ್ದಕ್ಕಿದ್ದಂತೆ ತಿರುಗಿ ಎರಡು ಹೆಜ್ಜೆ ಹಿಂದಕ್ಕೆ ಬಂದರು. ನನ್ನ ವಾಹನ ನಿಧಾನವಾಗಿಯೇ ಇತ್ತು.’”

ತಮ್ಮ ಮೂಗಿನಲ್ಲೇ ನಕ್ಕ. “ನಮ್ಮಕ್ಕ ಏನು ನಡುರಸ್ತೇಲಿ ಡ್ಯಾನ್ಸ್ ಮಾಡ್ತಿದ್ಲಾ? ನಿಧಾನವಾಗಿ ಬಂದ ಗಾಡಿ ಗುದ್ದಿದ್ರೆ ಮೊಣಕಾಲು ಕೆಳಗೆ ಮೂಳೆ ಮೂರು ತುಂಡಾಗುತ್ತಾ?”

“ಸಿಕ್ಕಿಬಿದ್ದೋರೆಲ್ಲ ಹೀಗೇ ಏನಾದ್ರೂ ಹೇಳ್ತಾರೆ ಬಿಡಿ. ಇವರು ತಿರುಗಿದ್ದನ್ನ ನೋಡಿದೋರು ಯಾರೂ ಇಲ್ಲ,” ಎಂದು ವಕೀಲೆ ಕಡತ ಮುಚ್ಚಿದಳು.

ಅಪಘಾತವಾಗಿ ಹನ್ನೊಂದು ತಿಂಗಳಾಗಿತ್ತು. ಅಕ್ಕನ ಎಡಗಾಲಿನೊಳಗೆ ಒಂದು ಕಬ್ಬಿಣದ ಸರಳಿತ್ತು, ಅದನ್ನು ತೆಗೆಯಲು ಇನ್ನೊಂದು ಆಪರೇಷನ್ ಬಾಕಿಯಿತ್ತು. ಕೂತು ಹೊಲಿಯುವುದೇನೋ ಆಗುತ್ತಿತ್ತು. ಆದರೆ ಹೊಲಿದ ಪುಸ್ತಕದ ಅಂಚು ಕತ್ತರಿಸುವ ಮಶೀನಿಗೆ ಎಡಗಾಲಿನಿಂದಲೇ ಪೆಡಲ್ ಒತ್ತಬೇಕು, ಅದೂ ನಿಂತುಕೊಂಡು. ಆ ಮಶೀನಿನ ಮುಂದೆ ಈಗ ಬೇರೆ ಯಾರೋ ನಿಲ್ಲುತ್ತಿದ್ದರು. “ನೀನು ಬರೋವರೆಗೆ ಅಷ್ಟೇ ಅಕ್ಕ,” ಎಂದು ಮಾಲೀಕ ಹೇಳುತ್ತಿದ್ದ. ಮೊದಮೊದಲು ವಾರಕ್ಕೊಮ್ಮೆ ಹೇಳುತ್ತಿದ್ದವನು ಈಗೀಗ ಅವಳು ಕೇಳಿದರೆ ಮಾತ್ರ ಹೇಳುತ್ತಿದ್ದ.

ಡ್ರೈವರನನ್ನು ಅವಳು ಒಮ್ಮೆ ಮಾತ್ರ ನೋಡಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ, ಕೈಯಲ್ಲೊಂದು ಕಿತ್ತಳೆ ಹಣ್ಣಿನ ಚೀಲ ಹಿಡಿದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ ಸಣಕಲು ಮನುಷ್ಯ. ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಎದ್ದುಹೋಗಿ ಅವನನ್ನು ಮೆಟ್ಟಿಲವರೆಗೂ ಬೈದು ಅಟ್ಟಿದ್ದ. ಆಮೇಲೆ, ಕೇಸು ಮುಗಿಯುವವರೆಗೆ ಪರಸ್ಪರ ಮಾತಾಡಬಾರದೆಂದು ಎರಡೂ ಕಡೆಯ ವಕೀಲರು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು.

ವಿಚಾರಣೆಯ ದಿನ ಬೆಳಿಗ್ಗೆ ಹತ್ತಕ್ಕೇ ನ್ಯಾಯಾಲಯದ ಓಣಿಯಂಥ ವರಾಂಡ ತುಂಬಿಹೋಗಿತ್ತು. ಗೋಡೆಯುದ್ದಕ್ಕೂ ಎರಡು ಸಾಲು ಬೆಂಚು. ಎದುರಿನ ಬೆಂಚಿನಲ್ಲಿ ಡ್ರೈವರ್ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದ. ಅಕ್ಕ ಊರುಗೋಲು ಊರಿಕೊಂಡು ಬರುವುದನ್ನು ನೋಡಿ ಎದ್ದುನಿಂತ. ಅವಳು ಕೂತ ಮೇಲೆ ತಾನೂ ಕೂತು, ತನ್ನ ಬೂಟಿನ ಲೇಸನ್ನೇ ದಿಟ್ಟಿಸತೊಡಗಿದ.

“ನಾಟಕ,” ಎಂದು ತಮ್ಮ ಗೊಣಗಿದ.

ಅರ್ಧ ಗಂಟೆ ಕಳೆಯಿತು. ಕೂತು ಕೂತು ಕಾಲು ಜೋಮು ಹಿಡಿದಿದ್ದರಿಂದ ಅಕ್ಕ ಎದ್ದು ನಾಲ್ಕು ಹೆಜ್ಜೆ ಆ ಕಡೆ ಹೊರಟಳು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೂಗಿದರು:

“ಅಕ್ಕಾ! ಒಂದ್ನಿಮಿಷ!”

ಅಕ್ಕ ತಿರುಗಿದಳು. ಒಬ್ಬ ಗುಮಾಸ್ತ ಕಾಗದದ ಕಟ್ಟು ಎತ್ತಿ ಹಿಡಿದು, ಜೆರಾಕ್ಸ್ ಮಶೀನಿನ ಹತ್ತಿರವಿದ್ದ ಯಾರೋ ಒಬ್ಬ ಹೆಂಗಸನ್ನು ಕರೆಯುತ್ತಿದ್ದ. ಕರೆದದ್ದು ಇವಳನ್ನಲ್ಲ.

ಅಕ್ಕ ಊರುಗೋಲು ಊರಿ ಅಲ್ಲೇ ನಿಂತಳು. ಇದೇ. ಇದೇ ಆಗಿದ್ದು. ಅವತ್ತೂ ಹಿಂದಿನಿಂದ ಒಂದು ದನಿ “ಅಕ್ಕಾ” ಎಂದಿತ್ತು. ಶಾಪಿನವರು ಯಾರೋ ಇರಬೇಕೆಂದುಕೊಂಡು ಅವಳು ತಿರುಗಿದ್ದಳು. ತಿರುಗಿದ್ದಷ್ಟೇ ಅಲ್ಲ, ದನಿಯ ಕಡೆಗೆ ನಡೆದಿದ್ದಳು. ಫುಟ್‌ಪಾತಿನಲ್ಲಿ ಒಬ್ಬಳು ಹುಡುಗಿ ಊಟದ ಡಬ್ಬಿ ಎತ್ತಿ ಅಲ್ಲಾಡಿಸುತ್ತಿದ್ದಳು, ಮುಂದೆ ಹೋಗುತ್ತಿದ್ದ ತನ್ನ ಅಕ್ಕನಿಗೆ. ಅಯ್ಯೋ ನನ್ನನ್ನಲ್ಲ ಎಂದು ಇವಳಿಗೆ ನಗು ಕೂಡ ಬಂದಿತ್ತು. ಆಮೇಲೆ ಗಾಜು. ಗಾಜಿನ ಹಿಂದೆ ಬಾಯಿ ತೆರೆದ ಒಂದು ಮುಖ.

ಆ ಮುಖ ಈಗ ಎದುರಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿತ್ತು.

ವಕೀಲೆ ಕೋಟಿನ ತೋಳು ಸರಿಮಾಡಿಕೊಳ್ಳುತ್ತಾ ಬಂದಾಗ ಅಕ್ಕ ಅವಳನ್ನು ಕಿಟಕಿಯ ಮೂಲೆಗೆ ಕರೆದೊಯ್ದಳು.

“ಅವನು ಹೇಳಿದ್ದು ನಿಜ ಕಣಮ್ಮ. ನಾನು ತಿರುಗಿದೆ. ಎರಡು ಹೆಜ್ಜೆ ಹಿಂದಕ್ಕೆ ಬಂದೆ. ಈಗ ನೆನಪಾಯ್ತು.”

ಹಿಂದೆಯೇ ಬಂದಿದ್ದ ತಮ್ಮ ರೇಗಿದ. “ನಿನಗೇನು ತಲೆ ಕೆಟ್ಟಿದೆಯಾ? ಒಂದು ವರ್ಷ ಇಲ್ಲದ ನೆನಪು ಇವತ್ತೇ ಬರ್ಬೇಕಾ? ನೆನಪಿಲ್ಲ ಅಂತ ಬರ್ಕೊಟ್ಟಾಗಿದೆ, ಅಷ್ಟೇ ಹೇಳು. ಸುಳ್ಳೇನಲ್ಲವಲ್ಲ.”

“ನಿನ್ನೆವರೆಗೂ ಸುಳ್ಳಲ್ಲ.”

“ಆಪರೇಷನ್ನಿಗೆ ಏನ್ ಮಾಡ್ತೀಯ? ಜನ್ಮವೆಲ್ಲ ಕಬ್ಬಿಣ ಇಟ್ಕೊಂಡು ಓಡಾಡ್ತೀಯಾ? ಅವನು ನಿನ್ನ ಕಾಲು ಮುರಿದೋನು ಅಕ್ಕ!”

“ಮುರಿದೋನು ಅನ್ನೋದನ್ನ ನಾನು ಮರೆತಿಲ್ಲ ಕಣೋ,” ಎಂದಳು ಅಕ್ಕ. ದನಿ ಏರಲಿಲ್ಲ. “ಆದ್ರೆ ಹನ್ನೊಂದು ತಿಂಗಳಿಂದ ಅವನು ಒಂದೇ ಮಾತು ಹೇಳ್ತಿದಾನೆ, ಯಾರೂ ನಂಬ್ತಿಲ್ಲ. ಅದು ನಿಜ ಅಂತ ಗೊತ್ತಿರೋಳು ಈ ಕಟ್ಟಡದಲ್ಲಿ ನಾನೊಬ್ಬಳೇ.”

ತಮ್ಮ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟ.

ವಕೀಲೆ ಕೊನೆಗೆ ಉಸಿರು ಬಿಟ್ಟು, “ಗೊತ್ತಿದ್ದೂ ಹೇಳಬೇಡಿ ಅನ್ನೋಕೆ ನನಗಾಗಲ್ಲ,” ಎಂದಳು. “ಆದ್ರೆ ಅವರ ವಕೀಲರು ಇದನ್ನೇ ಹಿಡ್ಕೊಂಡು ಎಳೀತಾರೆ. ಅರ್ಧಕ್ಕರ್ಧ ತಪ್ಪು ನಿಮ್ಮದೇ ಅಂದ್ರೂ ಅನ್ನಬಹುದು. ಗಾಬರಿಯಾಗಬೇಡಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.”

ಒಳಗೆ ಕರೆ ಬಂತು. ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ನ್ಯಾಯಾಧೀಶರಿಗೆ ನೆಗಡಿಯಾಗಿತ್ತು, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಕಟಕಟೆಯಲ್ಲಿ ನಿಲ್ಲುವ ಬದಲು ಕೂರಲು ಅವಳಿಗೊಂದು ಕುರ್ಚಿ ಹಾಕಿಸಿದರು.

ವಿಮೆ ಕಂಪನಿಯ ವಕೀಲರು ಎದ್ದು, ಬೇಸರದ ದನಿಯಲ್ಲಿ, ಉತ್ತರ ಮೊದಲೇ ಗೊತ್ತಿದ್ದವರಂತೆ ಕೇಳಿದರು. “ನೀವು ರಸ್ತೆಯ ಮಧ್ಯದಲ್ಲಿ ಹಿಂದಕ್ಕೆ ತಿರುಗಿದಿರಿ ಎಂಬುದು ನಿಮಗೆ ನೆನಪಿಲ್ಲ, ಅಲ್ಲವೇ?”

“ನೆನಪಿದೆ ಸಾರ್. ತಿರುಗಿದೆ. ಎರಡು ಹೆಜ್ಜೆ ವಾಪಸ್ ಬಂದೆ.”

ವಕೀಲರ ಕೈ ಕಾಗದ ಮಗುಚುವುದನ್ನು ಬಿಟ್ಟು ಅಲ್ಲೇ ನಿಂತಿತು. ನ್ಯಾಯಾಧೀಶರು ಕರವಸ್ತ್ರ ಕೆಳಗಿಟ್ಟರು. “ಹೀಗೆ ಹೇಳಿ ಅಂತ ನಿಮಗೆ ಯಾರಾದರೂ ಹೇಳಿಕೊಟ್ಟರೇನಮ್ಮ?”

“ಹೇಳಬೇಡ ಅಂದೋರು ಇದಾರೆ ಸಾರ್. ಹೇಳು ಅಂದೋರು ಯಾರೂ ಇಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು. ಅಕ್ಕ ಆ ಕೂಗಿನ ವಿಷಯ ಹೇಳಿದಳು, ಡಬ್ಬಿಯ ಹುಡುಗಿಯ ವಿಷಯ ಹೇಳಿದಳು. ಕೊನೆಗೆ, “ನಾನು ತಿರುಗಿದ್ದು ನಿಜ ಸಾರ್. ಗಾಡಿ ನಿಧಾನಕ್ಕೆ ಬಂತು ಅನ್ನೋದು ಮಾತ್ರ ನಿಜ ಅಲ್ಲ,” ಎಂದು ನಿಲ್ಲಿಸಿದಳು.

ಆಮೇಲೆ ಡ್ರೈವರನ ಸರದಿ. ಅಕ್ಕನ ವಕೀಲೆ ಅವನ ಹೇಳಿಕೆಯನ್ನೇ ಕೈಯಲ್ಲಿ ಹಿಡಿದು ಕೇಳಿದಳು: “ವಾಹನ ನಿಧಾನವಾಗಿತ್ತು ಅಂತ ಬರೆದಿದ್ದೀರಿ. ಇವತ್ತೂ ಹಾಗೇ ಹೇಳ್ತೀರಾ?”

ಅವನು ವಿಮೆಯವರ ವಕೀಲರನ್ನು ನೋಡಿದ. ಅವರ ಪಕ್ಕದಲ್ಲಿ ಕೂತಿದ್ದ ಬೇಕರಿಯ ಮ್ಯಾನೇಜರನನ್ನು ನೋಡಿದ. ಕಾಲರಿನ ಗುಂಡಿಗೆ ಕೈ ಹಾಕಿ ಬಿಚ್ಚಿಕೊಂಡ.

“ಆ ಸಾಲು ಕಂಪನಿಯವರು ಬರ್ಸಿದ್ದು ಮೇಡಂ. ತಿರುಗಿದ್ದು ನಾನು ಹೇಳಿದ್ದು. ಎರಡಕ್ಕೂ ಸಹಿ ಹಾಕಿದೋನು ನಾನೇ. ಎಂಟು ಗಂಟೆಯೊಳಗೆ ಅಂಗಡಿಗೆ ಮುಟ್ಟಿಸದಿದ್ರೆ ಬ್ರೆಡ್ಡು ವಾಪಸ್ ಕಳಿಸ್ತಾರೆ. ಗಾಡಿ ಜೋರಾಗೇ ಇತ್ತು. ಇವರು ಅರ್ಧ ದಾಟಿದ್ರಲ್ಲ, ಹಿಂದಿನಿಂದ ನುಗ್ಗಿಸಿಬಿಡೋಣ ಅಂದ್ಕೊಂಡೆ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.”

ಮ್ಯಾನೇಜರ್ ಕುರ್ಚಿಯಲ್ಲಿ ಮಿಸುಕಾಡಿದ.

ತೀರ್ಪು ಬಂದದ್ದು ಐದು ವಾರದ ಮೇಲೆ. ಅಷ್ಟೂ ದಿನ ತಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತಾಡಿದ. ಔಷಧಿ ತಂದಿಡುತ್ತಿದ್ದ, ಬಿಸಿನೀರು ಕಾಯಿಸಿಕೊಡುತ್ತಿದ್ದ, ಆದರೆ ಮುಖದ ಗಂಟು ಸಡಿಲಿಸುತ್ತಿರಲಿಲ್ಲ. ತೀರ್ಪಿನ ದಿನವೂ ಆಟೋ ತಂದು ನಿಲ್ಲಿಸಿ, “ಹತ್ತು,” ಎಂದಷ್ಟೇ ಹೇಳಿದ.

ನ್ಯಾಯಾಧೀಶರ ನೆಗಡಿ ಹೋಗಿತ್ತು. ಅವರು ಓದಿದ್ದರಲ್ಲಿ ಬಹಳಷ್ಟು ಅಕ್ಕನಿಗೆ ತಿಳಿಯಲಿಲ್ಲ. ಒಂದು ಮಾತು ಮಾತ್ರ ಸರಿಯಾಗಿ ತಿಳಿಯಿತು. ಪಟ್ಟೆಯ ಮೇಲಿರುವವರು ಯಾವ ಕಡೆಗೆ ಮುಖ ಮಾಡಿದ್ದರೂ ಪಟ್ಟೆಯ ಮೇಲೆಯೇ ಇರುತ್ತಾರೆ, ಅವರು ದಾಟಿ ಮುಗಿಸುವವರೆಗೆ ಕಾಯುವುದು ವಾಹನದ ಹೊಣೆ ಎಂದರು. ನೋಡದೆ ತಿರುಗಿದ್ದಕ್ಕೆ ಹತ್ತರಲ್ಲಿ ಒಂದು ಪಾಲು ತಪ್ಪು ಅವಳದು, ಉಳಿದದ್ದೆಲ್ಲ ವ್ಯಾನಿನ ಕಡೆಯದು. ಪರಿಹಾರವನ್ನು ವಿಮೆ ಕಂಪನಿ ಕೊಡಬೇಕು, ಆಪರೇಷನ್ನಿನ ಖರ್ಚೂ ಅದರಲ್ಲಿ ಸೇರಿತ್ತು.

ಹೊರಗೆ ಬಂದ ಮೇಲೆ ವಕೀಲೆ ಅಕ್ಕನ ಕೈ ಹಿಡಿದುಕೊಂಡಳು. “ಅವನು ಜೋರಾಗಿ ಬಂದೆ ಅಂತ ಒಪ್ಪಿಕೊಂಡಿದ್ದಕ್ಕೆ ನಾವು ಬಚಾವಾದ್ವಿ. ಇಲ್ಲದಿದ್ರೆ ನಿಮ್ಮ ಪಾಲು ಎಷ್ಟಾಗ್ತಿತ್ತೋ.” ಆಮೇಲೆ ದನಿ ತಗ್ಗಿಸಿ, “ಅವನ ಲೈಸೆನ್ಸಿನ ವಿಚಾರಣೆ ಬೇರೆ ನಡೀತಿದೆ. ಬೇಕರಿಯವರಂತೂ ಸಾಕ್ಷಿ ಹೇಳಿದ ದಿನವೇ ಕೆಲಸದಿಂದ ತೆಗೆದ್ರಂತೆ,” ಎಂದಳು. ತಮ್ಮ ಅದನ್ನು ಕೇಳಿಸಿಕೊಂಡ.

ಕಟ್ಟಡದ ಮುಂದೆ ಹನ್ನೆರಡು ಮೆಟ್ಟಿಲಿದ್ದವು. ಪಕ್ಕದಲ್ಲಿ ಗಾಲಿಕುರ್ಚಿಯವರಿಗೆಂದು ಮಾಡಿದ ಇಳಿಜಾರೂ ಇತ್ತು, ಆದರೆ ಅದರ ಬುಡದಲ್ಲಿ ಯಾರ್ಯಾರೋ ಸ್ಕೂಟರು ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿಬಿಟ್ಟಿದ್ದರು. ಬೆಳಿಗ್ಗೆ ಹತ್ತುವಾಗ ತಮ್ಮನ ಭುಜ ಹಿಡಿದು ಹೇಗೋ ಹತ್ತಿದ್ದಳು. ಇಳಿಯುವುದು ಅಷ್ಟು ಸಲೀಸಲ್ಲ. ಅಕ್ಕ ಮೇಲಿನ ಮೆಟ್ಟಿಲಿನಲ್ಲೇ ನಿಂತಳು.

ಕೆಳಗೆ ಡ್ರೈವರ್ ಒಬ್ಬನೇ ನಿಂತಿದ್ದ. ಮೇಲೆ ನೋಡಿದ, ಊರುಗೋಲನ್ನು ನೋಡಿದ, ಇಳಿಜಾರನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿಕೊಂಡು, ಮೊದಲನೆಯ ಸ್ಕೂಟರಿನ ಹಿಂಬದಿ ಹಿಡಿದೆತ್ತಿ ಪಕ್ಕಕ್ಕೆ ಸರಿಸಿದ. ಎರಡನೆಯದನ್ನು ಸರಿಸಿದ. ಮೂರನೆಯದಕ್ಕೆ ಹ್ಯಾಂಡಲ್ ಲಾಕ್ ಆಗಿತ್ತು. ಮುಂದಿನ ಗಾಲಿಯನ್ನು ಇಷ್ಟಿಷ್ಟೇ ಎತ್ತಿ ಎತ್ತಿ ತಿರುಗಿಸಿದ. ಒಮ್ಮೆಯೂ ಮೇಲೆ ನೋಡಲಿಲ್ಲ.

ಕೊನೆಯದು ದೊಡ್ಡ ಬೈಕು. ಅವನು ಎರಡು ಸಲ ಎಳೆದ. ಅದು ಮಿಸುಕಲಿಲ್ಲ.

ತಮ್ಮ ಅಕ್ಕನ ಕೈಯನ್ನು ತನ್ನ ಭುಜದಿಂದ ತೆಗೆದು ಗೋಡೆಯ ಮೇಲಿರಿಸಿ, “ಹಿಡ್ಕೊಂಡಿರು,” ಎಂದ. ಮೆಟ್ಟಿಲಿಳಿದು ಹೋಗಿ ಬೈಕಿನ ಮುಂಬದಿಯ ಹತ್ತಿರ ನಿಂತ.

“ಹಿಂದೆ ನೀನು ಹಿಡಿ,” ಎಂದ. “ಸೈಲೆನ್ಸರ್ ಬಿಸಿ ಇದೆ, ಕೈ ನೋಡ್ಕೋ.”

ಇಬ್ಬರೂ ಒಟ್ಟಿಗೆ ಬಗ್ಗಿದರು. ಅಕ್ಕ ಊರುಗೋಲನ್ನು ಇಳಿಜಾರಿನ ಅಂಚಿಗೆ ಊರಿ, ಅವರು ಎತ್ತುವುದನ್ನೇ ನೋಡುತ್ತಾ ನಿಂತಳು.