ತಿರುಪು ಹಾಕದ ಸಿಂಬಲ್

ಮೂಗಿನ ತುದಿಯ ಬೆವರು ಸ್ನೇರ್ ಡ್ರಮ್ಮಿನ ಮೇಲೆ ಬಿತ್ತು, ಬಿದ್ದದ್ದೇ ಪುಟಿದು ಹಾರಿತು, ಇವನ ಏಟಿನ ಕೆಳಗೆ ಕೂರುವ ಧೈರ್ಯ ಬೆವರಿಗೂ ಇಲ್ಲ, ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಡಿನಷ್ಟು ಕೋಲು ಮುರಿದವನು, ಮೂರು ಊರಿನ ಕಿಟಕಿ ಗಾಜು ಉದುರಿಸಿದವನು, ಜನ ಸಿಡಿಲು ಅಂತ ಕರೆದರೆ ಸಿಡಿಲಿಗೇ ಹೆಮ್ಮೆಯಾಗಬೇಕು — ಹೊಟ್ಟೆಯೊಳಗಿದ್ದಾಗಲೇ ಅಮ್ಮನನ್ನು ಬಾರಿಸಿದ್ದನಂತೆ, ಈ ಮುಂಡೇದು ಹೊರಗೆ ಬಂದ್ರೆ ಸಾಕಪ್ಪಾ ಅಂದಿದ್ದಳಂತೆ, ಹೊರಗೆ ಬಂದು ಪಾತ್ರೆ ಬಡಿದ, ಬಾಗಿಲು ಬಡಿದ, ತಮ್ಮನನ್ನು ಬಡಿದ, ಅಣ್ಣಾ ಬಿಡೋ, ಕಿವಿ, ಕಿವಿ, ಬಡಿಸಿಕೊಂಡೇ ತಮ್ಮ ಗಿಟಾರು ಕಲಿತ, ಈ ಏಟಿನ ಪಕ್ಕ ನಿಂತು ನುಡಿಸಬಲ್ಲ ಗಂಡು ಭೂಮಿಯ ಮೇಲೆ ಅವನೊಬ್ಬನೇ. ತಾಲೀಮಿನ ಕೋಣೆ, ಗೋಡೆಗೆ ಜಡಿದ ಹಳೇ ಕಂಬಳಿಯ ಮುಗ್ಗಲು, ಸುಟ್ಟ ವೈರಿನ ವಾಸನೆ, ಹಾಡುಗಾರ ಮೈಕು ಒರೆಸುತ್ತಾನೆ, ನಾಡಿದ್ದು ಶೋ, ಇವತ್ತು ನಿನ್ನ ತಮ್ಮನ ಕೈ ಓಡಿದ್ರೆ ಬ್ಯಾಂಡು ಉಳೀತು, ಇಲ್ಲಾಂದ್ರೆ ಎಲ್ರೂ ಮನೆಗೆ. ಈ ಹಾಡುಗಾರನ ಹಲ್ಲು ಒಮ್ಮೆ ಉದುರಿಸಿದ್ದಾಗಿದೆ, ಎರಡು, ಹೇಳುವಾಗ ಹನ್ನೆರಡು, ಇನ್ನೂ ಉಳಿದಿವೆಯಲ್ಲ. ಕಂಬಿಯ ಮೇಲೆ ಕೂರುವ ಸಿಂಬಲ್ ತಟ್ಟೆಯ ನೆತ್ತಿಗೆ ತಿರುಪು ಹಾಕುವವರು ಪುಕ್ಕಲರು, ಸಿಡಿಲು ಹಾಡಿಗೊಂದು ಸಿಂಬಲ್ ಸೀಳುತ್ತದೆ, ನಡುವೆ ಕಿತ್ತು ಬೇರೆ ಸಿಕ್ಕಿಸಬೇಕು, ತಿರುಪು ಬಿಚ್ಚುತ್ತ ಕೂರಲು ಇದೇನು ಗಡಿಯಾರದ ರಿಪೇರಿಯೇ — ಅಣ್ಣಾ, ಬಿಗಿ ಮಾಡ್ಕೊಳೋ, ಒಂದಿನ ನನ್ನ ತಲೆ ತಗೊಂಡು ಹೋಗತ್ತೆ — ಹೋಗ್ಲಿ ಬಿಡೋ, ಒಳಗೇನಿದೆ ಅಂತ ಊರಿಗೂ ಗೊತ್ತಾಗ್ಲಿ — ತಲೆ ಹೋಗಲಿಲ್ಲ, ಹತ್ತು ಸಾವಿರ ಜನ, ಸರಿ, ನಾನೂರು ಜನ ಕೂಗುತ್ತಿದ್ದಾಗ ಕೊನೆಯ ಏಟಿಗೆ ಕಂಚಿನ ತಟ್ಟೆ ಕಂಬಿ ಬಿಟ್ಟು ಎಗರಿತು, ಗಿಟಾರಿನ ಕತ್ತು ಹಿಡಿದಿದ್ದ ತಮ್ಮನ ಎಡಗೈಯ ಮಣಿಕಟ್ಟನ್ನು ಸೀಳಿತು, ರಕ್ತ ಮುಂದಿನ ಸಾಲಿನವರ ಮುಖಕ್ಕೆ ಚಿಮ್ಮಿತು, ಆಟವೇ ಅಂದುಕೊಂಡು ಅವರು ಚಪ್ಪಾಳೆ ಹೊಡೆದರು, ಚಪ್ಪಾಳೆ ಕೇಳಿ ಇವನೂ ಒಂದು ಕ್ಷಣ, ಒಂದೇ ಕ್ಷಣ, ಕೋಲೆತ್ತಿ ನಕ್ಕ. ನರ ಕೂಡಿಸಿ ಹೊಲಿದಿದ್ದೀನಿ, ಬೆರಳು ಬಗ್ಗಿದ್ರೆ ನಿಮ್ಮ ಪುಣ್ಯ, ಅಂದರು ಡಾಕ್ಟರಮ್ಮ. ಐದು ತಿಂಗಳಾಯಿತು. ಇವತ್ತು ತಮ್ಮ ಬಂದ, ಗಿಟಾರು ಹೆಗಲಿಗೇರಿಸಿದ, ಹೇಗಿದೆಯೋ, ಇದೆ ಕಣಣ್ಣ, ಕೂಗು ಲೆಕ್ಕ, ಒಂದ್ ಎರಡ್ ಮೂರ್ ನಾಲ್ಕ್ — ಮೊದಲ ಸಾಲು ಓಡಿತು, ಓಡಿತು ನೋಡು, ಎರಡನೆಯದರಲ್ಲಿ ಸ್ವರವೊಂದು ಬಾಯಿ ಕಳೆದುಕೊಂಡಿತು, ಉಂಗುರದ ಬೆರಳು ತಂತಿಗೆ ಇಳಿಯಲಿಲ್ಲ, ನೆಟ್ಟಗೆ ನಿಂತಿತು, ಇನ್ನೊಂದ್ಸಲ ಅಣ್ಣ, ಇನ್ನೊಂದು ಸಲ, ಆ ಖಾಲಿ ಜಾಗ ಮುಚ್ಚುವಂತೆ ಇವನು ಇನ್ನೂ ಜೋರಾಗಿ ಬಾರಿಸಿದ, ಕೋಲು ಬಿರಿಯಿತು, ಅಂಗೈ ಬಿರಿಯಿತು, ಬೆರಳು ನಿಂತೇ ಇದೆ, ಹಾಡುಗಾರ ಮೈಕು ಕೆಳಗಿಟ್ಟು ಹೊರಗೆ ಹೋದ, ಹೋಗಲಿ, ನಿಲ್ಲಿಸ್ಬೇಡ ಅಣ್ಣ, ಬರತ್ತೆ, ತಮ್ಮ ಅಳುತ್ತಿಲ್ಲ, ಬೈಯಲಿ, ಒಂದು ಸಲ ಬೈದುಬಿಡಲಿ, ಬೈಯುವುದಿಲ್ಲ, ಮೂರು ಬೆರಳು ಓಡುತ್ತಿವೆ, ಹೊಡೆಯುತ್ತಾನೆ, ಆ ಒಂದು ನಿಂತಿದೆ, ಹೊಡೆಯುತ್ತಾನೆ, ನಿಂತಿದೆ, ತಂತಿಗಿಂತ ಒಂದಂಗುಲ ಮೇಲೆ, ನೆಟ್ಟಗೆ, ಆ ಬೆರಳು —