ಮೊದಲ ಹಿಡಿ ಮಣ್ಣು

ಹೆಣದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದ ಬಟ್ಟೆಯ ಗಂಟನ್ನು ಆ ಹುಡುಗಿ ಸಡಿಲಿಸುತ್ತಿದ್ದಳು. ಆಂಬುಲೆನ್ಸಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಳಗೆ ನುಗ್ಗಿದ ಶೇಖಮ್ಮ ಆಕೆಯ ಕೈಯನ್ನು ಪಟ್ಟನೆ ಸರಿಸಿದಳು.

"ಕೈ ತೆಗಿ. ನಮ್ಮಪ್ಪ ಅವ."

"ಭಾಳ ಬಿಗಿ ಆಗೈತ್ರಿ ಅಕ್ಕಾರ," ಎಂದಳು ಹುಡುಗಿ. "ದವಾಖಾನ್ಯಾಗ ಜಗ್ಗಿ ಕಟ್ಯಾರ. ಅಪ್ಪಾರಿಗೆ ನೋಯ್ತೈತಿ."

ಶೇಖಮ್ಮ ತಲೆಯೆತ್ತಿ ಆಕೆಯನ್ನು ನೋಡಿದಳು. ಎತ್ತರದ ನಿಲುವು, ಒತ್ತಾದ ಸುರುಳಿಗೂದಲು, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ, ಕಡಲಾಚೆಯ ಮುಖ. ಆದರೆ ಆ ಬಾಯಿಂದ ಬಂದದ್ದು ಈ ಊರಿನ, ಮಕ್ತಲಿನ ಮಾತು. ಬರೀ ಮಕ್ತಲಿನದೂ ಅಲ್ಲ, ಅಪ್ಪ ನಾಗಯ್ಯನದು. 'ಭಾಳ' ಎಂಬುದನ್ನು ಎಳೆದು ಹೇಳುವುದು, ಮಾತು ಮುಗಿದ ಮೇಲೆ ನಾಲಿಗೆಯನ್ನು ಒಮ್ಮೆ ಲೊಚಗುಟ್ಟುವುದು. ಸತ್ತವನ ಮಾತು ಇನ್ನೊಬ್ಬಳ ಬಾಯಲ್ಲಿ ಉಸಿರಾಡುತ್ತಿತ್ತು.

ಅಂಗಳದಲ್ಲಿ ಹೆಣ ಇಳಿಸಿದರು. ಕುರುಬರ ಓಣಿಗೆ ಓಣಿಯೇ ನೆರೆದಿತ್ತು. ಅರ್ಧ ಜನ ನಾಗಯ್ಯನನ್ನು ನೋಡಿದರೆ ಅರ್ಧ ಜನ ಹುಡುಗಿಯನ್ನು ನೋಡಿದರು.

"ಯಾವೂರಾಕಿ ಈಕಿ?" ಪಕ್ಕದ ಮನೆಯ ಮುದುಕಿ ಜೋಗಮ್ಮ ಸೆರಗಿನ ಮರೆಯಲ್ಲಿ ಕೇಳಿದಳು.

ನಾಗಯ್ಯನ ಅಣ್ಣನ ಮಗ ಅಂಜನಕುಮಾರ್ ಹೇಳಿದ: "ಇಥಿಯೋಪಿಯಾ ಅಂತ, ಆಫ್ರಿಕಾದ ಕಡಿ. ಅಲ್ಮಾಜ್ ಅಂತ ಹೆಸರು. ಇಂಗ್ಲಿಷ್ ಕಲಿಯಾಕ ಹೈದರಾಬಾದಿಗೆ ಬಂದು ನಾಕು ವರ್ಷ ಆತು, ಇನ್ನೂ ಓದಾಕ ಹತ್ಯಾಳ."

"ಇಂಗ್ಲಿಷ್ ಕಲಿಯಾಕ ಬಂದು ನಮ್ಮ ಮಾತು ಕಲ್ತಾಳ? ಛಲೋ ಸಾಲಿ ಐತಿ ಬಿಡು ಅದು!"

"ನಾಗಯ್ಯ ಅಲ್ಲಿ ಮೇಷ್ಟ್ರೇನು?" ಎಂದರು ಯಾರೋ.

"ಯಾತರ ಮೇಷ್ಟ್ರು? ಗೇಟ್ ಕಾಯ್ತಿದ್ದ."

ಇಪ್ಪತ್ಮೂರು ವರ್ಷ ಕಾದಿದ್ದ. ಪರದೇಶದ ಮಕ್ಕಳು ಇಂಗ್ಲಿಷ್ ಕಲಿಯಲು ಬಂದು ಇಳಿಯುವ ಹಾಸ್ಟೆಲಿನ ಗೇಟು ಅದು. ಹೊಸದಾಗಿ ಬಂದವರಿಗೆ ಸಿಮ್ ಕೊಡಿಸುವುದು, ಪೊಲೀಸ್ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಸಾಲಿನಲ್ಲಿ ನಿಲ್ಲಿಸುವುದು, ಖಾರವಿಲ್ಲದ ಸಾರು ಯಾವ ಹೋಟೆಲಿನಲ್ಲಿ ಸಿಕ್ಕುತ್ತದೆಂದು ತೋರಿಸುವುದು, ಜ್ವರ ಬಂದವರ ತಲೆಗೆ ಒದ್ದೆಬಟ್ಟೆ ಹಾಕುವುದು, ಇದ್ಯಾವುದೂ ಅವನ ಕೆಲಸದ ಕಾಗದದಲ್ಲಿ ಇರಲಿಲ್ಲ. ಕಾಗದದಲ್ಲಿ ಇದ್ದದ್ದು 'ಟೆಂಪರರಿ' ಎಂಬ ಒಂದೇ ಮಾತು. ಅದೊಂದು ಮಾತ್ರ ಇಪ್ಪತ್ಮೂರು ವರ್ಷ ಕಾಯಂ ಆಗಿ ಉಳಿಯಿತು. ಸತ್ತ ಸುದ್ದಿ ತಿಳಿದ ಮೇಲೆ ಆಫೀಸಿನವರು ಒಂದು ಹೂವಿನ ಹಾರವನ್ನೂ ಕಳಿಸಲಿಲ್ಲ. ಬಂದವಳು ಇವಳೊಬ್ಬಳೇ.

ಅದೇ ಶೇಖಮ್ಮನಿಗೆ ಆಗದ ವಿಷಯ. ಯಾರೂ ಬರದೇ ಇದ್ದಿದ್ದರೆ ಸಂಕಟವೆಲ್ಲ ತನ್ನೊಬ್ಬಳದೇ ಆಗುತ್ತಿತ್ತು. ಅಪ್ಪನಿಂದ ಆಕೆಗೆ ದಕ್ಕಬೇಕಾಗಿ ಉಳಿದದ್ದು ಈ ಒಂದು ದಿನ. ಅದರಲ್ಲೂ ಪಾಲು ಕೇಳಲು ಒಬ್ಬಳು ಬಂದು ಕಾಲ ದೆಸೆಯಲ್ಲಿ ಕೂತಿದ್ದಳು.

*

ಹತ್ತನೇ ಇಯತ್ತೆಯ ಫಲಿತಾಂಶ ನೋಡಲು ಶೇಖಮ್ಮ ನಾರಾಯಣಪೇಟೆಗೆ ಹೋಗಿದ್ದಳು. ತನ್ನ ಎಂಟನೇ ವಯಸ್ಸಿಗೇ ತಾಯಿ ತೀರಿಹೋಗಿದ್ದರಿಂದ ದೊಡ್ಡಪ್ಪ ಸಿದ್ದಪ್ಪನ ಮನೆಯಲ್ಲಿ ಬೆಳೆದ ಹುಡುಗಿ. ಗಡಿಯಾಚೆಯ ತೆಲುಗು ಸೀಮೆ; ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಆ ತೆಲುಗಿನ ಮೂಲಕ ಇಂಗ್ಲಿಷ್. ಉಳಿದೆಲ್ಲದರಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾಗಿದ್ದಳು.

ಮನೆದೇವರು ಬೀರಪ್ಪನ ಪೂಜೆಗೆ ಅಪ್ಪ ಬಂದಾಗ ಕೇಳಿದಳು: "ನನ್ನೂ ಕರ್ಕೊಂಡು ಹೋಗಪ್ಪ. ಅಲ್ಲಿ ಎಲ್ಲಾರಿಗೂ ಇಂಗ್ಲಿಷ್ ಕಲಿಸ್ತಾರಂತಲ್ಲ."

"ಎಲ್ಲಾರಿಗೂ ಅಲ್ಲವ್ವ. ಹೊರಗಿಂದ ಬಂದೋರಿಗೆ."

"ಮಕ್ತಲ್ ಏನು ಒಳಗೈತೇನು?"

ನಾಗಯ್ಯ ನಗಲು ನೋಡಿದ. ಆಗಲಿಲ್ಲ. "ನನ್ನ ಖೋಲ್ಯಾಗ ಮನಿಯವ್ರನ್ನ ಇಟ್ಕೋಬಾರದಂತ ರೂಲ್ಸ್ ಐತಿ. ಬೋರ್ಡ್ ಹಾಕ್ಯಾರ ನೋಡು, ನನ್ನ ತಲಿ ಮ್ಯಾಲನ."

ಆ ಬೋರ್ಡನ್ನು ಬರೆದದ್ದೂ ಇಂಗ್ಲಿಷಿನಲ್ಲೇ. ಕಾಯುವವನಿಗೆ ಓದಲು ಬರುತ್ತಿರಲಿಲ್ಲ. ಅವನ ಮಗಳನ್ನು ಹೊರಗಿಡಲು ಅದು ಅಡ್ಡಿಯಾಗಲಿಲ್ಲ.

ಮರುವರ್ಷ ಶೇಖಮ್ಮನನ್ನು ಗದ್ವಾಲಿಗೆ ಮದುವೆ ಮಾಡಿ ಕೊಟ್ಟರು. ಹತ್ತಿಬೀಜದ ಹೊಲಗಳಲ್ಲಿ ನಸುಕಿಗೇ ಎದ್ದು ಬೀಜ ಕಟ್ಟಲೆಂದು ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುವ ಕೂಲಿ. ಇಂದಿಗೂ ಅದೇ.

*

ಹೆಣಕ್ಕೆ ನೀರು ಹಾಕಿ ಹಣೆತುಂಬ ಅರಿಶಿನದ ಭಂಡಾರ ಬಳಿದು ಗೋಡೆಗೆ ಆನಿಸಿ ಕೂಡಿಸಿದರು. ಜೋಗಮ್ಮ ಅಲ್ಮಾಜಳ ಪಕ್ಕಕ್ಕೆ ಸರಿದಳು.

"ಕೊನಿಗೆ ನೀ ಇದ್ದೇನವ್ವ ಹತ್ರ?"

"ಇದ್ದೆರಿ."

"ಏನಂದ?"

ಶೇಖಮ್ಮ ಎದೆ ಬಡಿದುಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿದಳು. ಬೆಳಗಿನಿಂದ ಕೇಳಬೇಕೆಂದಿದ್ದ ಪ್ರಶ್ನೆ. ಈಕೆಯನ್ನು ಕೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದೇ ಮೇಲೆಂದು ಸುಮ್ಮನಿದ್ದಳು.

"ಗೇಟಿನ ಚಾವಿ ಯಾರ ಕೈಯಾಗ ಕೊಡ್ಲಿ ಅಂದ್ರು," ಎಂದಳು ಅಲ್ಮಾಜ್. "ನನಗ ಕೊಡ್ರಿ ಅಂದೆ. ನಿನಗ ಕೊಡಬಾರದು, ರೂಲ್ಸ್ ಇಲ್ಲ ಅಂದ್ರು."

ಶೇಖಮ್ಮ ಮತ್ತೆ ಎದೆ ಬಡಿದುಕೊಂಡಳು, ಈ ಸಲ ಜೋರಾಗಿ. ತನ್ನ ಹೆಸರು ಹೇಳಲಿಲ್ಲ ಎಂಬ ಉರಿ ಒಂದು ಕಡೆ. ಇವಳ ಹೆಸರನ್ನೂ ಹೇಳಲಿಲ್ಲವಲ್ಲ ಎಂದು ಒಳಗೆ ಎಲ್ಲೋ ಮೂಡಿದ ಸಣ್ಣ ಸಮಾಧಾನಕ್ಕೆ ಆಕೆಗೇ ಹೇಸಿಗೆಯಾಯಿತು.

*

ಗಂಡನ ಊರಿಂದ ಒಂದೇ ಒಂದು ಸಲ ಆಕೆ ಹೈದರಾಬಾದಿಗೆ ಹೋಗಿದ್ದಳು, ನಾಲ್ಕು ವರ್ಷದ ಹಿಂದೆ. ಅಪ್ಪನಿಗೆಂದು ಜೋಳದ ರೊಟ್ಟಿ ಬಡಿದು ಗಂಟು ಕಟ್ಟಿಕೊಂಡು, ಕೇಳುತ್ತ ಕೇಳುತ್ತ ಹಾಸ್ಟೆಲು ಇರುವ ರಸ್ತೆಗೆ ಬಂದಳು. ರಸ್ತೆಯಾಚೆ ಅಪ್ಪ ನಿಂತಿದ್ದ. ಪಕ್ಕದಲ್ಲಿ ಬೆದರಿದ ಕರುವಿನಂಥ ಈ ಹುಡುಗಿ.

"ಕೈ ಎತ್ತು. ಹಂಗಲ್ಲ, ಪೂರಾ ಎತ್ತು. ಬಸ್ಸಿನವನ ಕಣ್ಣಾಗ ಕಣ್ಣಿಡು. ಈಗ ನಡಿ, ಓಡಬ್ಯಾಡ." ಅಪ್ಪ ಯಾವ ಭಾಷೆಯೆಂದು ಯೋಚಿಸದೆ ತನ್ನ ಮಾತಿನಲ್ಲೇ ಹೇಳುತ್ತಿದ್ದ. ಹುಡುಗಿ ಅವನ ತೋಳು ಹಿಡಿದು ದಾಟಿದಳು. ಮತ್ತೆ ವಾಪಸ್ಸು ದಾಟಿಸಿದ. ಹೀಗೆ ನಾಲ್ಕು ಸಲ. ಮಗಳು ಇತ್ತ ನಿಂತೇ ಇದ್ದಳು; ಅಪ್ಪನ ಕಣ್ಣು ಬಸ್ಸುಗಳ ಮೇಲಿತ್ತು.

ಕೊನೆಗೆ ನೋಡಿದಾಗ ಅವನ ಮುಖ ಅರಳಿದ್ದು ನಿಜ. ಆದರೆ ಗಂಟು ಬಿಚ್ಚಿದವನೇ ಒಂದು ರೊಟ್ಟಿ ತೆಗೆದು ಹುಡುಗಿಯ ಕೈಗಿಟ್ಟ.

"ಉಣ್ಣವ್ವ. ನಮ್ಮ ಮಗಳು ಮಾಡಿದ್ದು." ಶೇಖಮ್ಮನ ಕಡೆ ತಿರುಗಿ ಹೇಳಿದ: "ಬಂದು ಮೂರು ದಿನ ಆತು, ಏನೂ ತಿಂದಿಲ್ಲ ಅದು. ಬರೇ ಅಳ್ತೈತಿ. ಅವರಪ್ಪ ಅವ್ವ ದೂರ ಅದಾರ."

ನನ್ನಪ್ಪ ಎಲ್ಲಿದ್ದ ಎಂದು ಶೇಖಮ್ಮ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹತ್ತಿಸುವಾಗ ಅಪ್ಪ ಹೆಮ್ಮೆಯಿಂದ ಅಂದಿದ್ದ: "ತೆಲುಗು ಬಜಾರಿಗೆ, ಉರ್ದು ಕಚೇರಿಗೆ. ನಮ್ಮ ಮಾತು ಆಡಾಕ ನನಗಿಲ್ಲಿ ಯಾರಿದ್ರು? ಈ ಹುಡುಗಿಗೆ ಎರಡೂ ಬರಂಗಿಲ್ಲ, ಅದಕ್ಕ ನಮ್ಮದನ್ನೇ ಕಲಿಸಾಕ ಹತ್ತೀನಿ."

*

ಡೊಳ್ಳು ಮುಂದೆ, ಹೆಣ ಹಿಂದೆ. ಊರಾಚೆಯ ಹಳ್ಳಕ್ಕೆ ಬಂದಾಗ ಹೆಂಗಸರೆಲ್ಲ ತಾವಾಗಿ ನಿಂತರು. ಆ ಮನೆತನದಲ್ಲಿ ಹೆಣ್ಣು ಹಳ್ಳ ದಾಟಿ ಹೆಣ ಹೂಳುವ ಕುಣಿಯತನಕ ಹೋಗುವುದಿಲ್ಲ. ಮೊದಲ ಹಿಡಿ ಮಣ್ಣು ಗಂಡುಮಗನದು. ಅವನಿಲ್ಲದಿದ್ದರೆ ಅಣ್ಣತಮ್ಮಂದಿರ ಮಗನದು. ಅಂಜನಕುಮಾರ್ ಕೊಡುತ್ತಾನೆಂದು ಸಿದ್ದಪ್ಪ ಬೆಳಿಗ್ಗೆಯೇ ತೀರ್ಮಾನಿಸಿದ್ದ.

ಅಲ್ಮಾಜ್ ನಿಲ್ಲಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು, ಮೊಣಕಾಲು ಮುಟ್ಟದ ನೀರಿನಲ್ಲಿ ಗಂಡಸರ ಜೊತೆ ಇಳಿದೇಬಿಟ್ಟಳು.

"ಏ, ಆಕಿ ಹೊಂಟಾಳ ನೋಡ್ರಿ!"

ಸಿದ್ದಪ್ಪ ಹಿಂದಿರುಗಿ ನೋಡಿದ. ಗೊಂದಲವಾಯಿತು. ಪೆಟ್ಟಿಗೆಯಲ್ಲಿದ್ದ ಎಲ್ಲ ನೇಮಗಳನ್ನೂ ಒಂದೊಂದಾಗಿ ತೆಗೆದು ನೋಡಿದವನಂತೆ ಹೇಳಿದ: "ಬಿಡ್ರಿ. ಪರದೇಶದಾಕಿ. ಆಕಿಗೆ ನಮ್ಮ ನೇಮ ಹತ್ತಂಗಿಲ್ಲ."

ಜೋಗಮ್ಮ ಶೇಖಮ್ಮನ ಸೆರಗು ಹಿಡಿದಳು. "ನೀ ನಿಲ್ಲವ್ವ."

"ಆಕಿಗೆ ಹತ್ತಲಾರದ್ದು ನನಗ್ಯಾಕ ಹತ್ತತೈತಿ?"

"ನೀ ನಮ್ಮಾಕಿ."

"ಅದಕ್ಕೇನಬೇ ಇಷ್ಟು ದಿನ ನಿಂತಿದ್ದು, ಎಲ್ಲಾ ಕಡಿ!"

ಸೆರಗು ಕಿತ್ತುಕೊಂಡು ನೀರಿಗಿಳಿದಳು. ಇದನ್ನು ಧೈರ್ಯ ಎಂದರೆ ಸುಳ್ಳಾಗುತ್ತದೆ. ಆಕೆ ನೇಮದ ಮೇಲೆ ಸಿಟ್ಟಾಗಿ ಹೋಗಲಿಲ್ಲ. ನೇಮವೆಂಬುದು ಕಾಲಿಗೆ ತಾಕಿದ್ದೂ ಗೊತ್ತಾಗಲಿಲ್ಲ. ಆ ಎತ್ತರದ ಬೆನ್ನು ಅಪ್ಪನ ಹಿಂದೆ ಹೋಗುತ್ತಿತ್ತು. ಅದನ್ನು ಹಿಂದೆ ಹಾಕಬೇಕಿತ್ತು.

ಕುಣಿಯಲ್ಲಿ ನಾಗಯ್ಯನನ್ನು ಇಳಿಸಿ ಕೂಡಿಸಿ ಆಗಿತ್ತು. ಸಿದ್ದಪ್ಪನ ಮುಖ ಕೆಂಪೇರಿತು.

"ಶೇಖವ್ವ, ತಿರುಗಿ ಹೋಗು."

"ಹೋಗಂಗಿಲ್ಲ ದೊಡ್ಡಪ್ಪ. ಆಕಿ ನಿಂತಾಳ."

"ಆಕಿ ಬಂದೋಳು."

"ನಾ ಹುಟ್ಟಿದೋಳು."

ಹಿಡಿ ಮಣ್ಣು ಹಿಡಿದು ನಿಂತಿದ್ದ ಅಂಜನಕುಮಾರ್ ಅದನ್ನು ಮೆಲ್ಲಗೆ ಕೆಳಗೆ ಬಿಟ್ಟು ಅಂಗೈ ಒರೆಸಿಕೊಂಡ. "ಅಕ್ಕನ ಕೊಡ್ಲಿ ಬಿಡಪ್ಪ," ಎಂದು ತನ್ನಪ್ಪ ಸಿದ್ದಪ್ಪನ ಮುಖ ನೋಡದೆ ಹಿಂದೆ ಸರಿದ.

ಶೇಖಮ್ಮ ಬಾಗಿದಳು. ಕುಣಿಯ ಆಚೆ ಬದಿಯಲ್ಲಿ ಅಲ್ಮಾಜ್ ಆಗಲೇ ಮೊಣಕಾಲೂರಿ ಒಂದು ಹಿಡಿ ಮಣ್ಣು ತೆಗೆದುಕೊಂಡಿದ್ದಳು. ಕಣ್ಣೀರು ಗಲ್ಲದಿಂದ ಇಳಿದು ಶಿಲುಬೆಯ ದಾರವನ್ನು ನೆನೆಸಿತ್ತು.

"ನೀವು ಮೊದ್ಲ ಕೊಡ್ರಿ ಅಕ್ಕಾರ," ಎಂದಳು. ಅಪ್ಪನ ಎಳೆತ, ಅಪ್ಪನ ಲೊಚಗುಟ್ಟುವಿಕೆ. "ಆಮ್ಯಾಲ ನಾ ಕೊಡ್ತೀನಿ."

ಮೊದಲ ಹಿಡಿಯ ಹಕ್ಕೂ ಇವಳು ಕೊಟ್ಟದ್ದಾಯಿತು!

ಶೇಖಮ್ಮ ಒಂದು ಹಿಡಿ ಹಾಕಿದಳು. ಎರಡನೆಯದನ್ನು ಹಾಕಿದಳು. ಮೂರು ಹಿಡಿಗೆ ನಿಲ್ಲಿಸುವುದು ರೂಢಿ, ನಿಲ್ಲಿಸಲಿಲ್ಲ. ಹಿಡಿ ಸಾಲದೆಂದು ಎರಡೂ ಅಂಗೈ ಒಡ್ಡಿದಳು, ಅಂಗೈ ಸಾಲದೆಂದು ಮಣ್ಣಿನ ಗುಡ್ಡೆಯ ಮೇಲೆ ಕವುಚಿ ಬಿದ್ದು ತೋಳಿನಿಂದ ಬಾಚಿ ಬಾಚಿ ತಳ್ಳಿದಳು. ಬಳೆ ಒಡೆಯಿತು. "ಸಾಕವ್ವ," ಎಂದ ಸಿದ್ದಪ್ಪ. ಕೇಳಿಸಲಿಲ್ಲ. ಭಂಡಾರದ ಹಣೆ ಮುಳುಗಿತು, ತಲೆಗೆ ಸುತ್ತಿದ್ದ ರುಮಾಲು ಮುಳುಗಿತು. ಗಂಡಸರು ಗುದ್ದಲಿಗಳನ್ನು ನೆಲಕ್ಕೂರಿ ಹಿಂದೆ ಸರಿದರು.

ಎದುರಿಗೆ ಅಲ್ಮಾಜ್ ತನ್ನ ಸರದಿಗಾಗಿ ಮುಷ್ಟಿಯನ್ನು ಎದೆಗೆ ಒತ್ತಿಕೊಂಡೇ ಕಾಯುತ್ತಿದ್ದಳು. ಬಿಸಿಲಿಗೆ ಒಣಗಿದ ಮಣ್ಣು ಅವಳ ಬೆರಳ ಸಂದಿಯಿಂದ ಸಣ್ಣಗೆ ಸೋರಿ, ಕುಣಿಗೆ ಬೀಳದೆ, ಅವಳದೇ ಮಡಿಲಲ್ಲಿ ಬೀಳುತ್ತಿತ್ತು.