ರಾತ್ರಿಯೂ ಇಳಿಯದ ಗೆರೆ

ಬೇಕರಿಯಲ್ಲಿ ಇಪ್ಪತ್ತು ವರ್ಷ ಹಿಟ್ಟು ನಾದಿದವನು ನಾನು. ಒಂದು ದಿನ ತಲೆ ಗಿರ್ರೆಂದಿತು, ಅಷ್ಟಕ್ಕೇ ಮಾಲೀಕರು ಪಟ್ಟು ಹಿಡಿದುಬಿಟ್ಟರು: "ಕೆಲಸಕ್ಕೆ ಗಟ್ಟಿಯಾಗಿದ್ದೀಯ ಅಂತ ಡಾಕ್ಟರ ಚೀಟಿ ತಾ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ, ಸೊಂಟಕ್ಕೊಂದು ಡಬ್ಬಿ ಕಟ್ಟಿದರು. ಅರ್ಧ ಗಂಟೆಗೊಮ್ಮೆ ಪಟ್ಟಿ ತಾನೇ ಬಿಗಿದು ಬಿ.ಪಿ. ಅಳೆಯುತ್ತದಂತೆ, ಒಂದು ಹಗಲು, ಒಂದು ರಾತ್ರಿ ಬಿಚ್ಚುವಂತಿಲ್ಲ. ಬಿಗಿದಾಗ ತೋಳು ಅಲುಗಿಸಲೂಬಾರದು. ಹಿಟ್ಟು ನಾದುವವನಿಗೆ ಹೇಳುವ ಮಾತೇ ಇದು?

ಮನೆಗೆ ಬಂದವನೇ ಬಿಚ್ಚಿ ಹೆಂಡತಿಯ ತೋಳಿಗೆ ಕಟ್ಟಿದೆ.

"ರೀ, ಇದೇನ್ರೀ ಹುಚ್ಚಾಟ? ಗೊತ್ತಾದ್ರೆ?"

"ತೋಳಿನ ಮೇಲೇನು ಹೆಸರು ಬರ್ದಿರುತ್ತಾ? ನೀನು ಹೇಗಿದ್ರೂ ಮನೇಲಿ ಸುಮ್ನೆ ಇರೋಳು. ಗುಂಡುಕಲ್ಲಿನ ಹಾಗಿದ್ದೀಯ."

ಹಾಸಿಗೆ ಹಿಡಿದ ನನ್ನ ಅಮ್ಮನಿಗೆ ಊಟ ಮಾಡಿಸುತ್ತಿದ್ದವಳು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ತುತ್ತು ಕಲಸಿದಳು.

ಮಾರನೇ ದಿನ ಅಮ್ಮನ ಬಳಿ ತಂಗಿಯನ್ನು ಬಿಟ್ಟು ಇಬ್ಬರೂ ಹೋದೆವು. ಆಸ್ಪತ್ರೆಯ ಬಾಗಿಲ ಬಳಿ ಪಟ್ಟಿ, ಡಬ್ಬಿ ಎರಡನ್ನೂ ಬಿಚ್ಚಿ ನಾನು ಕಟ್ಟಿಕೊಂಡೆ, ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಉದ್ದನೆಯ ಗೆರೆಯೊಂದನ್ನು ತೋರಿಸಿದರು.

"ನಿದ್ದೇಲಿ ಬಿ.ಪಿ. ಇಳೀಬೇಕು. ರಕ್ತನಾಳಕ್ಕೂ ಹೃದಯಕ್ಕೂ ಸಿಗೋ ಬಿಡುವು ಅದೇ. ನಿಮ್ಮದು ಇಳಿದೇ ಇಲ್ಲ. ಹನ್ನೊಂದೂವರೆಗೆ ಎದ್ದಿದ್ದೀರಿ, ಒಂದಕ್ಕೆ, ಎರಡೂವರೆಗೆ, ನಾಲ್ಕಕ್ಕೆ. ಎಷ್ಟು ವರ್ಷದಿಂದ ಹೀಗೆ? ಮಾತ್ರೆ ತಗೋತೀನಿ ಅಂದ್ರೆ ಚೀಟಿ ಬರ್ಕೊಡ್ತೀನಿ, ಇನ್ನೂ ಹೀಗೇ ಬಿಟ್ರೆ ಹೃದಯ ಸೋತುಹೋಗುತ್ತೆ."

ಅಬ್ಬಾ! ಅವಳು ಎದ್ದೆದ್ದು ಅಮ್ಮನನ್ನು ಮಗ್ಗುಲು ಹೊರಳಿಸಿದ್ದು, ನೀರು ಕುಡಿಸಿದ್ದು, ಬಟ್ಟೆ ಬದಲಿಸಿದ್ದು, ಒಂದೂ ಬಿಡದೆ ಆ ಗೆರೆಯಲ್ಲಿತ್ತು. ಪಕ್ಕದಲ್ಲೇ ಗೊರಕೆ ಹೊಡೆದವನಿಗೆ ತಿಳಿಯದ್ದನ್ನೆಲ್ಲ ಅವಳ ರಕ್ತ ಒಪ್ಪಿಸಿಬಿಟ್ಟಿತ್ತು. ಆ ಗೆರೆಗೆ ಕೈ ಮುಗಿಯಬೇಕೆನಿಸಿತು. ನನ್ನ ಮೇಲೆ ನನಗೇ ಅಸಹ್ಯವೂ ಆಯಿತು.

ನಿಜ ಹೇಳಿದರೆ ಚೀಟಿ ಸಿಗದು, ಕೆಲಸವೂ ಹೋದೀತು. ಹಾಳಾಗಿ ಹೋಗಲಿ.

"ಅದು ನನ್ನದಲ್ಲ ಡಾಕ್ಟರಮ್ಮ. ನನ್ನ ಹೆಂಡತೀದು. ಹೊರಗೆ ಕೂತಿದ್ದಾಳೆ."

"ಬುದ್ಧಿ ಇದೆಯೇನ್ರೀ ನಿಮಗೆ?" ಎಂದು ಅವರು ದಡಕ್ಕನೆ ಎದ್ದು ಬಾಗಿಲು ತೆಗೆದರು.

ಅಷ್ಟು ಜನರ ಗದ್ದಲದ ನಡುವೆ ಅವಳು ಗೋಡೆಗೆ ತಲೆಯೊರಗಿಸಿ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಕರೆಯಲು ಹೊರಟ ನನ್ನ ತೋಳನ್ನು ಡಾಕ್ಟರಮ್ಮ ಹಿಡಿದರು.

"ಎಬ್ಬಿಸಬೇಡಿ. ಆಮೇಲೆ ನೋಡ್ತೀನಿ."

ಅವಳ ಪಕ್ಕ ಕೂತೆ. ಕತ್ತಿನಲ್ಲಿ ನರವೊಂದು ಸಣ್ಣಗೆ ಮಿಡಿಯುತ್ತಿತ್ತು. ಮದುವೆಯಾಗಿ ಹದಿನೆಂಟು ವರ್ಷ, ಅದನ್ನು ನೋಡಿದ್ದು ಅವತ್ತೇ.

"ಮುಂದಿನವರು ಬನ್ನಿ!" ನರ್ಸ್ ಕೂಗಿದಳು.

"ಮೆಲ್ಲಗಮ್ಮಾ!" ಗದರಿಬಿಟ್ಟೆ. "ಮಲಗಿದ್ದಾಳೆ."